ಮೆಟ್ಟಿಲ ಕೆಳಗಿನ ಬ್ಯಾಟರಿ, ಓಣಿಯ ಕರೆಂಟು

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯ ವಿದ್ಯಾನಗರವಿರಲಿ, ಧಾರವಾಡದ ಸಪ್ತಾಪುರವಿರಲಿ, ಎಷ್ಟೋ ಮನೆಗಳ ಮೆಟ್ಟಿಲ ಕೆಳಗೆ ಇನ್ವರ್ಟರ್ ಕೂತಿರುತ್ತದೆ. ಪಕ್ಕದಲ್ಲಿ 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ. ಲೆಕ್ಕಕ್ಕೆ ಅದರಲ್ಲಿರುವುದು 1.8 ಯೂನಿಟ್. ಪೂರ್ತಿ ಬಸಿದರೆ ಬ್ಯಾಟರಿ ಬೇಗ ಸೋಲುತ್ತದೆ, ಹಾಗಾಗಿ ಒಂದು, ಒಂದೂಕಾಲು ಯೂನಿಟ್ ಕೈಗೆ ಸಿಕ್ಕರೆ ಹೆಚ್ಚು. ಎರಡು ಫ್ಯಾನು, ನಾಲ್ಕು ದೀಪಕ್ಕೆ ನಾಲ್ಕೈದು ತಾಸು ಸಾಕು.

ಸಂಜೆ ಕರೆಂಟ್ ಹೋಗಿ ಬಂತೆನ್ನಿ. ಓಣಿಯ ಇನ್ವರ್ಟರುಗಳೆಲ್ಲ ಒಮ್ಮೆಲೇ ಚಾರ್ಜಿಗೆ ನಿಲ್ಲುತ್ತವೆ. ಟಿಸಿ, ಅಂದರೆ ಓಣಿಯ ಟ್ರಾನ್ಸ್‌ಫಾರ್ಮರ್, ಮೊದಲೇ ಏದುಸಿರು ಬಿಡುತ್ತಿರುವಾಗ ಇದೊಂದು ಹೊರೆ. ಕತ್ತಲಲ್ಲಿ ನಮ್ಮನ್ನು ಕಾಯ್ದ ಬ್ಯಾಟರಿಯೇ ಬೆಳಕು ಬಂದಾಗ ಓಣಿಗೆ ಭಾರ!

ವರ್ಚುವಲ್ ಪವರ್ ಪ್ಲಾಂಟ್ ಎಂಬ ಏರ್ಪಾಡು ಇದನ್ನು ಉಲ್ಟಾ ಮಾಡುತ್ತದೆ. ಮಧ್ಯಾಹ್ನ ಸೋಲಾರ್ ಕರೆಂಟ್ ಧಾರಾಳವಿದ್ದಾಗ ಸಾವಿರಾರು ಮನೆಗಳ ಬ್ಯಾಟರಿ ತುಂಬಿಸಿ, ಸಂಜೆ ಬೇಡಿಕೆ ಏರಿದಾಗ ಇಂಟರ್ನೆಟ್ಟಿನಿಂದ ಸೂಚನೆ ಕೊಟ್ಟು ಅದನ್ನು ಲೈನಿಗೆ ಬಿಡಿಸುವುದು. ಮನೆಗೊಂದು ಕಿಲೋವ್ಯಾಟ್ ಹಿಡಿದರೂ ಹತ್ತು ಸಾವಿರ ಮನೆಗೆ 10 ಮೆಗಾವ್ಯಾಟ್ ಆಯಿತು. ಗದಗ ಕಡೆ ಗುಡ್ಡದ ಮೇಲೆ ತಿರುಗುತ್ತವಲ್ಲ, ಅಂಥ 2 ಮೆಗಾವ್ಯಾಟಿನ ಗಾಳಿಯಂತ್ರ ಐದು ಇದ್ದಂತೆ, ಅದೂ ಗಾಳಿಯ ಹಂಗಿಲ್ಲದೆ.

2019ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಕೋಗನ್ ಕ್ರೀಕ್ ಕಲ್ಲಿದ್ದಲು ಸ್ಥಾವರ ದಿಢೀರನೆ ನಿಂತು 748 ಮೆಗಾವ್ಯಾಟ್ ಕಡಿಮೆಯಾಯಿತು. ಬೇಡಿಕೆಗೆ ತಕ್ಕಷ್ಟು ಕರೆಂಟ್ ಇಲ್ಲದಾಗ ಲೈನಿನ ಫ್ರೀಕ್ವೆನ್ಸಿ ಇಳಿಯುತ್ತದೆ. ಅದು 50 ಹರ್ಟ್ಜ್‌ನಿಂದ ಕೆಳಗಿಳಿದದ್ದನ್ನು ಗ್ರಹಿಸಿ, ಬೇರೆ ರಾಜ್ಯವಾದ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಇಂಥ ಏರ್ಪಾಡಿಗೆ ಸೇರಿದ್ದ ಮನೆಗಳ ಬ್ಯಾಟರಿಗಳು ತಾವಾಗಿಯೇ ಕರೆಂಟ್ ಬಿಟ್ಟವು. ಮನೆಯವರಿಗೆ ಗೊತ್ತೂ ಆಗಿರಲಿಕ್ಕಿಲ್ಲ.

ನಮ್ಮ ಹಳೆಯ ಇನ್ವರ್ಟರಿಗೆ ಎಳೆದುಕೊಳ್ಳುವುದು ಗೊತ್ತು, ಮರಳಿ ಕೊಡುವುದು ಗೊತ್ತಿಲ್ಲ. ಅದಕ್ಕೆ ಹೈಬ್ರಿಡ್ ಇನ್ವರ್ಟರ್, ಲಿಥಿಯಂ ಬ್ಯಾಟರಿ, ಎರಡೂ ಕಡೆಯ ಲೆಕ್ಕ ಇಡುವ ಮೀಟರ್ ಬೇಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ ಸಿಗುವ 78,000 ರೂಪಾಯಿ ಸಹಾಯಧನ ಮಾಳಿಗೆಯ ಸೋಲಾರಿಗೆ, ಬ್ಯಾಟರಿಗಲ್ಲ. ಹೀಗೆ ಬ್ಯಾಟರಿ ಇಲ್ಲದೆ ಸೋಲಾರ್ ಹಾಕಿಸಿದವರು ‘ಹೊರಗೆ ರಣಬಿಸಿಲು, ಒಳಗೆ ಫ್ಯಾನಿಲ್ಲ’ ಎಂದು ಸಿಡಿಮಿಡಿಗೊಳ್ಳುವುದುಂಟು. ಕರೆಂಟ್ ಹೋದ ಕೂಡಲೇ ಸೋಲಾರೂ ನಿಲ್ಲಲೇಬೇಕು. ಇಲ್ಲದಿದ್ದರೆ ಆ ಕರೆಂಟ್ ಲೈನಿಗೆ ಹರಿದು, ಕಂಬದ ಮೇಲೆ ರಿಪೇರಿಗೆ ಹತ್ತಿದ ಲೈನ್‌ಮನ್‌ಗೆ ಹೊಡೆದೀತು. ಬ್ಯಾಟರಿ ಇದ್ದರೆ, ಲೈನಿನಿಂದ ಕಡಿದುಕೊಂಡು ಮನೆಯಷ್ಟನ್ನು ನಡೆಸಬಹುದು.

ಇನ್ನು, ಹಿರಿಯರು ಮೊದಲು ಕೇಳುವ ಪ್ರಶ್ನೆ: ಎಂಟಕ್ಕೆ ನನ್ನ ಬ್ಯಾಟರಿ ಬಸಿದುಕೊಂಡು, ಒಂಬತ್ತಕ್ಕೆ ಕರೆಂಟ್ ಹೋದರೆ? ನ್ಯಾಯದ ಮಾತು. ಇಷ್ಟರ ಕೆಳಗೆ ಮುಟ್ಟಬೇಡಿ ಎಂದು ಮಿತಿ ಹಾಕಿಡಬಹುದು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಟೊಂಗೆ ಮುರಿದು ತಂತಿಯ ಮೇಲೆ ಬೀಳುವ ನಮ್ಮ ಕಡೆ ಅರ್ಧ ಬ್ಯಾಟರಿಯಾದರೂ ಮನೆಗೇ ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ.

ದುಡ್ಡಿನದು ಇನ್ನೂ ತೊಡಕು. ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವ ಮನೆಗೆ ‘ಬಿಲ್ಲಿನಲ್ಲಿ ರಿಯಾಯಿತಿ’ ಅಂದರೆ ನಕ್ಕಾರು. ಬ್ಯಾಟರಿಗೆ ಬಾಡಿಗೆ ಅಂತ ಬೇರೆಯಾಗಿ ಖಾತೆಗೆ ಹಾಕಬೇಕು. ದಿನಾ ತುಂಬಿ ಬಸಿದರೆ ಬ್ಯಾಟರಿ ಸವೆಯುತ್ತದೆ. ಆ ಸವಕಳಿಯೂ ಬಾಡಿಗೆಯಲ್ಲಿ ಸೇರಿರಬೇಕು. ನಮ್ಮ ಕಡೆ ಇಂಥ ಯೋಜನೆ ಬಂದ ದಿನ, ಸಹಿ ಹಾಕುವ ಮೊದಲು ಕರಾರುಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ವಾರಂಟಿ ಯಾರದು, ಮಿತಿ ಬದಲಿಸುವ ಹಕ್ಕು ಯಾರದು, ನಡುವೆ ಬಿಟ್ಟು ಬರಬಹುದೇ, ಈ ಮೂರನ್ನು ಓದಿ ನೋಡಿ.

ನಮಸ್ಕಾರ.