ಕೆಮ್ಮಿಲ್ಲದ ಕ್ಷಯ

ಎಲ್ಲರಿಗೂ ನಮಸ್ಕಾರ.

ಟಿಬಿ ಅಂದ ಕೂಡಲೇ ನೆನಪಾಗುವುದು ಕೆಮ್ಮು, ಕಫ, ಸೊರಗಿದ ಮೈ. ಇವತ್ತು ನಾನು ಮಾತಾಡುವುದು ಹೆಂಗಸರ ಗರ್ಭಕೋಶಕ್ಕೂ ಅಂಡನಾಳಕ್ಕೂ (ಅಂಡಾಶಯದಿಂದ ಗರ್ಭಕೋಶಕ್ಕೆ ಅಂಡ ಸಾಗುವ ಕೊಳವೆ) ತಗಲುವ ಟಿಬಿಯ ಬಗ್ಗೆ. ಅದರಲ್ಲಿ ಇವ್ಯಾವುವೂ ಇಲ್ಲದಿರಬಹುದು. ಮಕ್ಕಳಾಗಲಿಲ್ಲವೆಂದು ತಪಾಸಣೆಗೆ ಬಂದಾಗಲೇ ಎಷ್ಟೋ ಹೆಂಗಸರಲ್ಲಿ ಇದು ಪತ್ತೆಯಾಗುತ್ತದೆ. ಹೊಸ ಕಾಯಿಲೆಯೇನಲ್ಲ. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟಿದ್ದು 1882ರಲ್ಲಿ. ಆದರೆ ಇಟಲಿಯ ವೈದ್ಯ ಮೊರ್ಗಾನ್ಯಿ 1744ರಷ್ಟು ಹಿಂದೆಯೇ ಯುವತಿಯೊಬ್ಬಳ ಶವಪರೀಕ್ಷೆ ಮಾಡಿ, ಗರ್ಭಕೋಶ ಮತ್ತು ನಾಳಗಳಲ್ಲಿ ಗಿಣ್ಣಿನಂಥ ಪದಾರ್ಥ ತುಂಬಿದ್ದನ್ನು ಕಂಡಿದ್ದ.

ರೋಗಾಣು ಸಾಮಾನ್ಯವಾಗಿ ಮೊದಲು ಸೇರುವುದು ಶ್ವಾಸಕೋಶವನ್ನು. ಅಲ್ಲಿಂದ ರಕ್ತದ ಜೊತೆ ಹರಿದು ಅಂಡನಾಳದಲ್ಲಿ ಬೀಡುಬಿಡುತ್ತದೆ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಅಷ್ಟರಲ್ಲಿ ಎದೆಯ ಗಾಯ ಮಾಯ್ದು, ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಈ ಕಾಯಿಲೆಯಲ್ಲಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಪೆಟ್ಟು ಬೀಳುವುದು ನಾಳಗಳಿಗೆ, ಬಹುಪಾಲು ಎರಡೂ ಕಡೆ. ಕಿರಿದಾದ ಜಾಗದಲ್ಲಿ ಆ ನಾಳದ ಒಳದಾರಿ ಸುಮಾರು ಒಂದು ಮಿಲಿಮೀಟರ್ ಅಷ್ಟೆ! ಅಲ್ಲೊಂದು ಗಾಯದ ಕಲೆಗಟ್ಟಿದರೆ ಸಾಕು, ದಾರಿ ಬಂದ್. ಎಕ್ಸ್ ಕಿರಣಕ್ಕೆ ಕಾಣುವ ದ್ರವವನ್ನು ನಾಳದೊಳಗೆ ಹಾಯಿಸಿ ತೆಗೆದ ಎಕ್ಸ್‌ರೇಯಲ್ಲಿ ನಾಳ ಕೆಲವೊಮ್ಮೆ ಮಣಿ ಪೋಣಿಸಿದ ಹಾಗೆ ಕಾಣುತ್ತದೆ.

ಗರ್ಭಕೋಶದ ಒಳಪದರದ ಕತೆ ಬೇರೆ. ಅದು ತಿಂಗಳಿಗೊಮ್ಮೆ ಕಳಚಿ ಬೀಳುತ್ತದೆ. ಕ್ಷಯದ ಗಂಟುಗಳು ಬಲಿಯುವುದಕ್ಕೆ ಮೊದಲೇ ಮುಟ್ಟಿನ ಜೊತೆ ಹೊರಟುಹೋಗುತ್ತವೆ, ನಾಳದಿಂದ ರೋಗಾಣು ಮತ್ತೆ ಇಳಿದು ಬರುತ್ತದೆ. ಆದ್ದರಿಂದಲೇ ಪರೀಕ್ಷೆಗೆ ಆ ಪದರದ ಚೂರು (ಬಯಾಪ್ಸಿ) ತೆಗೆಯಬೇಕಾದದ್ದು ಮುಟ್ಟಿಗೆ ತುಸು ಮುಂಚೆ. ಮುಟ್ಟು ನಿಂತ ಮಾರನೇ ವಾರವೇ ತೆಗೆದು ‘ಏನೂ ಇಲ್ಲ’ ಎಂದು ಬರೆದ ವರದಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇನ್ನೊಂದು ತೊಡಕಿದೆ. ಇಲ್ಲಿ ರೋಗಾಣುಗಳ ಸಂಖ್ಯೆಯೇ ಕಡಿಮೆ, ಸೂಕ್ಷ್ಮದರ್ಶಕಕ್ಕೆ ಸಿಗುವುದು ಅಪರೂಪ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಎಂಟು ವಾರದ ತನಕ ಕಾಯಬೇಕಾದೀತು. ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯ ಫಲಿತಾಂಶ ಬೇಗ ಬರುತ್ತದೆ ನಿಜ, ಆದರೆ ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಅದು ಹಿಡಿದುಬಿಡುತ್ತದೆ. ಆ ಒಂದೇ ಚೀಟಿ ಹಿಡಿದು ಆರು ತಿಂಗಳ ಮಾತ್ರೆ ಶುರುಮಾಡುವುದು ಅವಸರದ ಕೆಲಸ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೋಸ್ಕೋಪಿಯಲ್ಲಿ ಕಂಡದ್ದು, ಬಯಾಪ್ಸಿ, ಆ ಹೆಂಗಸಿನ ಹಿಂದಿನ ಕಾಯಿಲೆಗಳು, ಎಲ್ಲವನ್ನೂ ಕೂಡಿಸಿ ನೋಡಬೇಕು.

ಗಂಡನಿಗೆ ಅಂಟುತ್ತದೆಯೇ ಎಂದು ಪಿಸುಮಾತಿನಲ್ಲಿ ಕೇಳುವವರಿದ್ದಾರೆ. ಹಾಗಾಗುವುದು ತೀರಾ ಅಪರೂಪ.

ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು, ಮೊದಲ ಎರಡು ತಿಂಗಳು ನಾಲ್ಕು ಔಷಧಿ. ಅವುಗಳಲ್ಲೊಂದಾದ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಅದೇ ಔಷಧಿ ಗರ್ಭನಿರೋಧಕ ಗುಳಿಗೆಯ ಬಲವನ್ನೂ ತಗ್ಗಿಸುತ್ತದೆ, ಇದನ್ನು ಹೇಳಲು ವೈದ್ಯರು ಮರೆಯುವುದುಂಟು.

ಮಾತ್ರೆಗಳು ರೋಗಾಣುವನ್ನು ಕೊಲ್ಲುತ್ತವೆ, ಕಲೆಯನ್ನು ಅಳಿಸುವುದಿಲ್ಲ. ನಾಳ ಮುಚ್ಚಿದ್ದರೆ ಐವಿಎಫ್, ಅಂದರೆ ಭ್ರೂಣವನ್ನು ದೇಹದ ಹೊರಗೆ ಬೆಳೆಸಿ ಗರ್ಭಕೋಶದಲ್ಲಿಡುವ ವಿಧಾನ, ಆ ನಾಳವನ್ನು ಬದಿಗಿಟ್ಟು ಸಾಗಬಲ್ಲದು. ಒಳಪದರವೇ ಅಂಟಿಕೊಂಡು ಹಾಳಾಗಿದ್ದರೆ ಐವಿಎಫ್ ಕೂಡ ಹೆಚ್ಚೇನೂ ಮಾಡಲಾರದು. ನಾಳ ಅರ್ಧಂಬರ್ಧ ತೆರೆದಿದ್ದರೆ ಭ್ರೂಣ ಅಲ್ಲೇ ಸಿಕ್ಕಿಕೊಂಡೀತು, ಅದು ಪ್ರಾಣಕ್ಕೆ ಅಪಾಯ. ಹಾಗಾಗಿ ಚಿಕಿತ್ಸೆ ಮುಗಿಸಿದವರಿಗೆ ಮುಟ್ಟು ತಪ್ಪಿದರೆ, ಸಿಹಿ ಹಂಚುವುದಕ್ಕೆ ಮೊದಲು ಸ್ಕ್ಯಾನ್ ಮಾಡಿಸಿ, ಗರ್ಭ ಎಲ್ಲಿ ನಿಂತಿದೆ ಎಂದು ನೋಡಿಸಿ.