ಹೊಸ ಟೈಲ್ಸ್‌ಗೆ ಮುನ್ನ ಹಳೆಯ ಗೋಡೆಯ ಪರೀಕ್ಷೆ

ಕೇಳುಗ ಬಂಧುಗಳಿಗೆ ನಮಸ್ಕಾರ. ಬಚ್ಚಲುಮನೆಯ ಹಳೆಯ ಟೈಲ್ಸ್ ಕಿತ್ತು ಹೊಸದನ್ನು ಕೂರಿಸುವವರು ಅದರ ಬಣ್ಣ, ಬೆಲೆಗಳ ಲೆಕ್ಕಾಚಾರದಲ್ಲಿ ವಾರಗಳನ್ನೇ ಕಳೆಯುತ್ತಾರೆ. ಕಿತ್ತ ಮೇಲೆ ಬಯಲಾಗುವ ಕಾಂಕ್ರೀಟ್ ಗೋಡೆಗೆ ಮಾತ್ರ ಅರ್ಧ ದಿನವನ್ನೂ ಕೊಡುವುದಿಲ್ಲ. ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಸೀಮೆಯಲ್ಲಿ ಈ ಅವಸರಕ್ಕೆ ತೆರುವ ದಂಡ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಬಯಲಿನಲ್ಲಿ ಅಂತರ್ಜಲ ಮೇಲೇರಿ ಎಷ್ಟೋ ಹೊಲಗಳು ಸವಳಾಗಿವೆ. ಅಂಥ ನೆಲದ ತೇವವೂ ಉಪ್ಪೂ ಅಡಿಪಾಯದಿಂದ ಗೋಡೆಗೆ ಹತ್ತುತ್ತವೆ.

ಆದ್ದರಿಂದ ಮೊದಲ ಅನುಮಾನ ನೀರಿನ ಮೇಲಿರಲಿ. ಸುಮಾರು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಟೇಪು ಹಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ಅಥವಾ ಗೋಡೆ ಕಪ್ಪಾಗಿದ್ದರೆ ತೇವ ಒಳಗಿನಿಂದಲೇ ಬರುತ್ತಿದೆಯೆಂದು ತಿಳಿದು, ಪೈಪಿನ ಸೋರಿಕೆಯೋ ನೆಲದ ತೇವವೋ ಎಂಬುದನ್ನು ಪತ್ತೆಹಚ್ಚಿ ನಿಲ್ಲಿಸುವವರೆಗೆ ಟೈಲ್ಸ್ ಮುಟ್ಟಬೇಡಿ. ಬಿಳಿ ಉಪ್ಪಿನ ಪುಡಿಯನ್ನು ಒಣ ಬ್ರಷ್ಷಿನಿಂದಲೇ ಉಜ್ಜಿ ತೆಗೆಯಬೇಕು. ನೀರು ಸುರಿದರೆ ಉಪ್ಪು ಕರಗಿ ಮತ್ತೆ ಗೋಡೆಯನ್ನೇ ಸೇರುತ್ತದೆ.

ಬಳಿಕ ಸಣ್ಣ ಸುತ್ತಿಗೆಯಿಂದ ಗೋಡೆಯನ್ನು ಗೇಣುಗೇಣಿಗೆ ತಟ್ಟುತ್ತ ಹೋಗಿ, ಡೊಳ್ಳು ಸದ್ದು ಬಂದ ಕಡೆ ಸುಣ್ಣದ ಗುರುತು ಹಾಕಿ. ಅಲ್ಲಿ ಕೆಂಪು ಕಲೆಯೂ ಇದ್ದರೆ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೇಲೆ ಸಿಮೆಂಟು ಮೆತ್ತಿ ಮುಚ್ಚುವ ಗೌಂಡಿಗಳಿದ್ದಾರೆ. ಅದನ್ನು ರಿಪೇರಿ ಎನ್ನಲಾಗದು. ಸಡಿಲ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಉಳಿಯಿಂದ ಬಿಡಿಸಿ, ತಂತಿ ಬ್ರಷ್ಷಿನಿಂದ ಸರಳು ಹೊಳೆಯುವಂತೆ ಉಜ್ಜಿ, ತುಕ್ಕು ನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆಯನ್ನು ಒತ್ತಿ ತುಂಬಬೇಕು. ಸರಳು ಸವೆದು ತೆಳ್ಳಗಾಗಿದ್ದರೆ ಇಂಜಿನಿಯರ್ ನೋಡದೆ ಮುಂದುವರಿಯಬೇಡಿ.

ಗಾರೆ ಕಲಸುವ ನೀರೂ ಮುಖ್ಯ. ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಸರಳಿಗೆ ತುಕ್ಕು ಹಿಡಿಸುವ ಉಪ್ಪಿನಂಶವಾದ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ 456 ಹೇಳುತ್ತದೆ. ಬಾಯಿಗೆ ಉಪ್ಪೆನಿಸುವ ಬೋರ್‌ವೆಲ್ ನೀರಿಗಿಂತ ಕುಡಿಯುವ ನೀರನ್ನೇ ಬಳಸುವುದು ಕ್ಷೇಮ. ನಮ್ಮ ಬೇಸಿಗೆಯಲ್ಲಿ ಹೊಸ ಗಾರೆ ಬೇಗ ಒಣಗಿ ಬಿರಿಯುವುದರಿಂದ, ಕೆಲಸವನ್ನು ಬೆಳಗಿನ ತಂಪಿನಲ್ಲೇ ಮುಗಿಸಿ, ಒದ್ದೆ ಗೋಣಿ ಹೊದಿಸಿ ಕ್ಯೂರಿಂಗ್ ಮಾಡಿ.

ಕೊನೆಗೆ, ಕಾಂಕ್ರೀಟ್ ಸುರಿಯುವಾಗ ಅಚ್ಚುಹಲಗೆಗೆ ಬಳಿದ ಎಣ್ಣೆಯಿಂದ ನುಣುಪಾಗಿ ಉಳಿದ ಮೈಗೆ ಟೈಲ್ಸ್‌ನ ಅಂಟು ಕಚ್ಚಿಕೊಳ್ಳುವುದಿಲ್ಲವಾದ್ದರಿಂದ ಮೈಯನ್ನೆಲ್ಲ ಉಳಿಯಿಂದ ಒರಟು ಮಾಡಿಸಿ. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಕೂಡುವ ಗೆರೆ ಬಿಸಿಲಿಗೆ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಅಲ್ಲಿ ಗಿಲಾವಿನೊಳಗೆ ಜಾಲರಿ ಕೂರಿಸಿ, ಅದರ ಮೇಲಿನ ಟೈಲ್ಸ್ ಸಂದಿಗೆ ಸಿಮೆಂಟಿನ ಬದಲು ರಬ್ಬರಿನಂತೆ ಹಿಗ್ಗಿ ಕುಗ್ಗುವ ಸೀಲಂಟ್ ತುಂಬಿಸಿ. ನಮಸ್ಕಾರ.