ಧ್ಯಾನದಿಂದ ಎಬ್ಬಿಸುವ ಗೆಳೆಯ

ಅಧ್ಯಕ್ಷರೇ, ಮಾತೆಯರೇ, ಮಹನೀಯರೇ,

ನಮ್ಮ ಸತ್ಸಂಗಗಳ ಬಗ್ಗೆ ನನ್ನದೊಂದು ತಕರಾರಿದೆ. ಭಜನೆ ಚೆನ್ನಾಗಿರುತ್ತೆ, ಪ್ರವಚನ ಚೆನ್ನಾಗಿರುತ್ತೆ, ಪ್ರಸಾದವಂತೂ ಇನ್ನೂ ಚೆನ್ನಾಗಿರುತ್ತೆ. ಆದರೆ ವರ್ಷಗಟ್ಟಲೆ ಪಕ್ಕದಲ್ಲಿ ಕೂತವರು ಮೂರು ವಾರ ಬರದಿದ್ದರೆ ಯಾಕೆ ಅಂತ ವಿಚಾರಿಸೋರಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ದಿನಾ ಶುಭೋದಯ! ಸಾಧನೆ ಅಂದರೆ ದೇವರಿಗೂ ನನಗೂ ಇರೋ ವ್ಯವಹಾರ, ಮೂರನೆಯವರಿಗೆ ಇಲ್ಲೇನು ಕೆಲಸ ಅಂತ ತೀರ್ಮಾನಿಸಿಬಿಟ್ಟಿದ್ದೇವೆ. ಆ ಮೂರನೆಯವರಿಲ್ಲದೆ ಸಾಧನೆ ನಿಲ್ಲೋದೇ ಇಲ್ಲ ಅನ್ನೋದು ನನ್ನ ವಾದ.

ಕಲ್ಕತ್ತಾ ಹತ್ತಿರದ ಬಾರಾನಗರದ ಮಠ, ರಾಮಕೃಷ್ಣರ ಶಿಷ್ಯರ ಮೊದಲ ಮಠ, ನಿಮಗೆ ಗೊತ್ತಿರೋದೇ. 1886ರ ಆಗಸ್ಟ್‌ನಲ್ಲಿ ರಾಮಕೃಷ್ಣ ಪರಮಹಂಸರು ದೇಹ ಬಿಟ್ಟರು. ಶಿಷ್ಯರಾದ ಹುಡುಗರಿಗೆ ನೆಲೆಯಿಲ್ಲ. ಅವರಿಗೊಂದು ಮನೆಯ ಬಾಡಿಗೆ ಕಟ್ಟಿದವರು ಪರಮಹಂಸರ ಭಕ್ತ ಸುರೇಂದ್ರನಾಥ ಮಿತ್ರ, ಸಂಸಾರಿ. ಇಲ್ಲಿರೋ ಗೃಹಸ್ಥರು ಇದನ್ನ ಗಮನಿಸಬೇಕು. ಸಿಕ್ಕಿದ್ದು ದೆವ್ವದ ಮನೆ ಅಂತ ಹೆಸರಾದ ಪಾಳುಮನೆ. ಒಮ್ಮೊಮ್ಮೆ ಭಿಕ್ಷೆಯ ಅಕ್ಕಿ ಸಿಕ್ಕಿದ ದಿನ ಉಪ್ಪಿರುತ್ತಿರಲಿಲ್ಲ. ಇನ್ನು ಕೆಲವೊಮ್ಮೆ ತಿಂಗಳುಗಟ್ಟಲೆ ಅನ್ನ, ಉಪ್ಪು, ಬೇಯಿಸಿದ ತೊಂಡೆ ಎಲೆ. ಹೌದು, ಎಲೆ, ಕಾಯಿ ಅಲ್ಲ.

ನರೇಂದ್ರ, ಅಂದರೆ ಮುಂದಿನ ವಿವೇಕಾನಂದರು, ರಾಖಾಲ್ ಎಲ್ಲ ಜಪಕ್ಕೆ ಕೂತರೆ ಹೊತ್ತು ಏರಿದ್ದು ತಿಳೀತಿರಲಿಲ್ಲ. ಅವರಲ್ಲಿ ಶಶಿ ಅನ್ನೋ ಒಬ್ಬ ಗುರುಭಾಯಿ ಮಾತ್ರ ಪೂಜೆ ಮುಗಿಸಿ, ಹೇಗೋ ಒಂದಿಷ್ಟು ಹೊಂದಿಸಿ, ನೈವೇದ್ಯ ಮಾಡಿ ಕಾಯ್ತಿದ್ದ. ಯಾರೂ ಏಳದಿದ್ದರೆ ರಟ್ಟೆ ಹಿಡಿದು ಎಳೆದು ತಂದು ಊಟಕ್ಕೆ ಕೂರಿಸ್ತಿದ್ದ. ಮಠಕ್ಕೆ ಆಧಾರಸ್ತಂಭ ಅವನೇ ಅಂತ ಮುಂದೆ ವಿವೇಕಾನಂದರೇ ನೆನಪಿಸಿಕೊಂಡರು. ಈಗ ನೀವೇ ಹೇಳಿ, ಧ್ಯಾನ ಕೆಡಿಸಿದವನಿಗೆ ಪಾಪ ಬರಬೇಕಲ್ಲವೇ? ನಮ್ಮಲ್ಲಿ ಯಾರಾದರೂ ಹಾಗೆ ಎಳೆದರೆ ಸಮಿತಿಗೆ ದೂರು ಹೋಗುತ್ತೆ! ಉಳಿದವರು ತೀರ್ಥಯಾತ್ರೆ ಅಂತ ಹೊರಟರು, ಶಶಿ ಪೂಜೆ ಬಿಟ್ಟು ಕದಲಲಿಲ್ಲ. ಹೋದವರಿಗೆ ಹಿಂತಿರುಗಲು ಒಂದು ಮನೆ ಉಳಿದದ್ದು ಅದರಿಂದ. ಅವರ ವೈರಾಗ್ಯದಲ್ಲಿ ಇವನ ಪಾಲೆಷ್ಟು ಅಂತ ಲೆಕ್ಕ ಹಾಕೋದು ಹೇಗೆ? ಜಗಳಗಳೂ ಇದ್ದವು, ಬಿಡಿ. ಒಂದೇ ಸೂರಿನಡಿ ಇದ್ದವರಿಗೆ ಅದು ಇದ್ದದ್ದೇ.

ಚೀಟಿ ಬಂತು. ಐದು ನಿಮಿಷ ಅಂತೆ. ಅನುಭವ ಮಂಟಪದ ಬಗ್ಗೆ ಹೇಳಬೇಕಿತ್ತು, ಇನ್ನೊಮ್ಮೆ ಆಗಲಿ. ಬುದ್ಧನದು ಒಂದೇ ಮಾತು: ಒಳ್ಳೆಯ ಗೆಳೆತನ ಬ್ರಹ್ಮಚರ್ಯದ, ಅಂದರೆ ಸಾಧನೆಯ ಬದುಕಿನ, ಅರ್ಧ ಅಂದ ಶಿಷ್ಯ ಆನಂದನಿಗೆ, ಅರ್ಧವಲ್ಲ ಆನಂದ, ಪೂರ್ತಿ ಅದೇ ಅಂದ.

ಶಶಿ ಮುಂದೆ ರಾಮಕೃಷ್ಣಾನಂದರಾದರು. ಯಾವ ಯಾತ್ರೆಗೂ ಹೊರಡದಿದ್ದವರು 1897ರಲ್ಲಿ ಗೆಳೆಯ ನರೇಂದ್ರ ಹೇಳಿದ ಅಂತ ಮದ್ರಾಸಿಗೆ ಬಂದರು, ಅಲ್ಲಿಂದ ನಮ್ಮ ಬೆಂಗಳೂರಿಗೂ. 1909ರಲ್ಲಿ ಬಸವನಗುಡಿಯ ಆಶ್ರಮ ಉದ್ಘಾಟಿಸಿದ ಬ್ರಹ್ಮಾನಂದರು ಬೇರೆ ಯಾರೂ ಅಲ್ಲ, ಬಾರಾನಗರದ ಅದೇ ರಾಖಾಲ್. ಪ್ರಶ್ನೆಗಳಿದ್ದರೆ ಊಟದ ಪಂಕ್ತಿಯಲ್ಲಿ ಕೇಳಿ, ಅಲ್ಲೇ ಇರ್ತೀನಿ. ನಮಸ್ಕಾರ.